ಓಬಳೇಶನ ಅಚ್ಚಿಗೆ ಯಾವ ಕ್ಲೋರಿನ್

ಓಬಳೇಶ ಈಜುಕೊಳದ ತಳಕ್ಕೆ ಮುಳುಗಿ ಪಾಚಿ ಉಜ್ಜುತ್ತಿದ್ದಾಗ ಮೇಲಿದ್ದವರು ಕ್ಲೋರಿನ್ ಡ್ರಮ್ಮು ಬಗ್ಗಿಸಿದರು. ಅವನು ಸತ್ತ. ಹೆಣವನ್ನು ಹಿಂದಿನ ಗೇಟಿನಿಂದ ಸಾಗಿಸಿ, ಅವನವ್ವ ಮಾರಕ್ಕನ ಮನೆ ಮುಂದೆ ಇಳಿಸಿ, ಕುಡಿದು ನೀರಿಗೆ ಬಿದ್ದ ಎಂದು ಹೇಳಿ ಹೋದರು.

ಮಾರನೆಯ ದಿನ ಕೊಳದ ಸಮಿತಿ ಸಭೆ ಸೇರಿತು. ಡ್ರಮ್ಮು ಬಗ್ಗಿಸಿದವರು ಯಾರು ಎಂದು ಕೇಳುವುದಕ್ಕಲ್ಲ. ಕೊಳಕ್ಕೆ ಇನ್ನು ಯಾವ ಕ್ಲೋರಿನ್ ಹಾಕಿದರೆ ಸರಿಹೋಗುತ್ತದೆ ಎಂದು ತೀರ್ಮಾನಿಸುವುದಕ್ಕೆ.

ನಾನೂ ಆ ಸಮಿತಿಯಲ್ಲಿದ್ದೇನೆ. ಸುಣ್ಣದಕೇರಿಯವರು ಒಬ್ಬರಾದರೂ ಇರಬೇಕು ಎಂದು ಮೇಲಿನಿಂದ ಆದೇಶ ಬಂದಾಗ, ಈಜುಡುಪು ಹೊಲಿಯುವ ಹನುಮಕ್ಕನೇ ಆಗಲಿ, ಹೆಂಗಸೂ ಆಯಿತು ಕೇರಿಯೂ ಆಯಿತು, ಎರಡೂ ಒಂದೇ ಕುರ್ಚಿಯಲ್ಲಿ ಮುಗಿಯಿತು ಎಂದು ನನ್ನನ್ನು ಹಾಕಿಕೊಂಡರು. ಆ ಕುರ್ಚಿ ಬಾಗಿಲ ಪಕ್ಕದಲ್ಲಿದೆ. ಕಾಫಿ ತರುವವನು ಒಳಬರುವಾಗಲೆಲ್ಲ ನಾನು ಮೊಣಕಾಲು ಮಡಚಿ ದಾರಿ ಬಿಡಬೇಕು. ಉಳಿದಂತೆ ನನ್ನ ಕೆಲಸ, ಎಲ್ಲರೂ ಕೈ ಎತ್ತಿದಾಗ ಕೈ ಎತ್ತುವುದು.

ನಮ್ಮೂರಿನಲ್ಲಿ ನೀರಿಗಿಳಿದವರು ಎದ್ದು ಬಂದ ಮೇಲೂ ಅವರ ಅಚ್ಚು ನೀರಿನೊಳಗೆ ಉಳಿಯುತ್ತದೆ. ಗಾಜಿನೊಳಗೆ ಇನ್ನೊಂದು ಗಾಜು ಇಟ್ಟ ಹಾಗೆ. ಕಣ್ಣು ಕಿರಿದು ಮಾಡಿ ನೋಡಿದರೆ ಮೂಗು, ಭುಜ, ಬಟ್ಟೆಯ ಮಡಿಕೆ ಎಲ್ಲ ಕಾಣುತ್ತದೆ. ನೀರಲ್ಲಿ ಕಟ್ಟಕಡೆಗೆ ಏನು ಮಾಡಿದ್ದೆವೋ ಅದೇ ಭಂಗಿಯಲ್ಲಿ ಅಚ್ಚು ನಿಂತಿರುತ್ತದೆ. ಅದಕ್ಕೇ ನಮ್ಮ ತಾಯಂದಿರು ಬಾವಿಗಿಳಿದ ಮಕ್ಕಳನ್ನು "ಮೂತಿ ಸೊಟ್ಟ ಮಾಡ್ಬೇಡ, ನೆಟ್ಟಗೆ ಎದ್ದು ಬಾ" ಎಂದು ಬೈಯುತ್ತಲೇ ಇರುತ್ತಾರೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದಾದ ಮೇಲೆ ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಬಾವಿಗೆ ಇಣುಕುತ್ತಾರೆ. ಇನ್ನೊಬ್ಬರ ಅಚ್ಚನ್ನು ಹಾದು ಈಜಿದರೆ ಏನೂ ಆಗುವುದಿಲ್ಲ. ಯಾರೋ ಈಗಷ್ಟೇ ಎದ್ದುಹೋದ ಕುರ್ಚಿಯಲ್ಲಿ ಕೂತಂತೆ ಒಂದಿಷ್ಟು ಬೆಚ್ಚಗಾಗುತ್ತದೆ, ಅಷ್ಟೇ. ಬಿಟ್ಟರೆ ಅದು ತಾನಾಗಿ ಮಸುಕಾಗಿ ಹೋಗಲು ತಿಂಗಳೊಪ್ಪತ್ತು ಬೇಕು. ಕ್ಲೋರಿನ್ ಹಾಕಿದರೆ ಬೇಗ ಕರಗುತ್ತದೆ.

ಯಾರಾದರೂ ಸತ್ತರೆ, ಅವರು ಕಡೆಯ ಸಲ ಇಳಿದ ನೀರಿನ ಹತ್ತಿರ ಮನೆಯವರು ಹೋಗಿ ಕೂರುತ್ತಾರೆ. ಅಚ್ಚು ಪೂರ್ತಿ ಮಸುಕಾಗುವವರೆಗೆ ಆ ನೀರನ್ನು ಯಾರೂ ಕದಡುವುದಿಲ್ಲ. ಬೀಳ್ಕೊಡುವುದು ಎನ್ನುತ್ತೇವೆ. ಸಮಿತಿಯ ಅಧ್ಯಕ್ಷ ಚಂದ್ರಮೌಳಿಯವರ ತಾಯಿ ತೀರಿಕೊಂಡಾಗ, ಆ ಹಿರಿಯ ಜೀವ ಮಿಂದಿದ್ದ ಊರ ಕಲ್ಯಾಣಿಯಿಂದ ಒಂದು ಚೊಂಬು ನೀರನ್ನೂ ಯಾರೂ ಎತ್ತಲಿಲ್ಲ. ಸುಡುವ ಬೇಸಿಗೆ. ನಾವು ಸುಣ್ಣದಕೇರಿಯ ಹೆಂಗಸರು ಕೊಡ ಹೊತ್ತು ಕಲ್ಲುಗಣಿಯ ಹೊಂಡದವರೆಗೆ ನಡೆದೆವು. ಯಾರೂ ಗೊಣಗಲಿಲ್ಲ. ಮುದುಕಮ್ಮ ನೀರಲ್ಲಿ ಕೈಮುಗಿದು ನಿಂತಿದ್ದಾಳೆ, ನೆಮ್ಮದಿಯಾಗಿ ಹೋಗಲಿ ಎಂದುಕೊಂಡೆವು. ಮಾರಕ್ಕನಂತೂ ಕಲ್ಯಾಣಿಯ ಪಕ್ಕ ಹಾದು ಹೋಗುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ದಾಟುತ್ತಿದ್ದಳು, ಸದ್ದಾದೀತು ಅಂತ.

ಈಜುಕೊಳ ಆಮೇಲೆ ಬಂದದ್ದು. ಸರ್ಕಾರದ ದುಡ್ಡಲ್ಲಿ ಕಟ್ಟಿದ್ದು, ಆದ್ದರಿಂದ ಎಲ್ಲರದ್ದು. ಎಲ್ಲರದ್ದು ಅಂದರೆ ಹೇಗೆ ಎಂಬುದನ್ನು ಸಮಿತಿ ಹೀಗೆ ಬಗೆಹರಿಸಿತು: ಸುಣ್ಣದಕೇರಿಯವರಿಗೆ ಮಂಗಳವಾರ. ಬುಧವಾರ ಕೊಳಕ್ಕೆ ರಜೆ, ಕ್ಲೋರಿನ್ ಹಾಕುವ ದಿನ. ಉಳಿದ ದಿನ ಮೇಲ್ಪೇಟೆಯವರಿಗೆ. ಮೇಲ್ಪೇಟೆಯವರ ಅಚ್ಚುಗಳು ನೀರಲ್ಲಿ ಒಂದರ ಮೇಲೊಂದು ಸೇರಿಕೊಂಡು ವಾರವಿಡೀ ತೇಲಾಡಿದರೂ ಯಾರಿಗೂ ರೋಗ ಬರುವುದಿಲ್ಲ. ಅವು ಊರಿನ ಸೊಗಸು. ನಾವು ಮಿಂದ ಮಾರನೆಯ ದಿನ ಮಾತ್ರ ನೀರಿಗೆ ಕಾಯಿಲೆ. ಆ ಕಾಯಿಲೆಗೆ ಮದ್ದು ಹಾಕುವ ಕೆಲಸಕ್ಕೆ ಯಾರನ್ನು ಇಟ್ಟರು? ಸುಣ್ಣದಕೇರಿಯ ಓಬಳೇಶನನ್ನು. ನಮ್ಮ ಮೈಯ ಗುರುತನ್ನು ನಮ್ಮವನ ಕೈಯಿಂದಲೇ ತೊಳೆಸುವ ಈ ಉಪಾಯ ಯಾರ ತಲೆಯಲ್ಲಿ ಹುಟ್ಟಿತೋ, ಅವರಿಗೆ ನಿದ್ದೆ ಚೆನ್ನಾಗಿಯೇ ಬರುತ್ತಿರಬೇಕು.

ಓಬಳೇಶ ಅದನ್ನೂ ತಮಾಷೆ ಮಾಡಿಕೊಂಡಿದ್ದ. ಬುಧವಾರ ಸಂಜೆ ಮನೆಗೆ ಬಂದವನು ಕೈಯ ಘಾಟು ಮೂಸಿಕೊಳ್ಳುತ್ತ, "ಅವ್ವಾ, ಇವತ್ತು ನಿನ್ನ ಕರಗಿಸಿ ಬಂದೆ. ಎಷ್ಟು ಪುಡಿ ಹಾಕಿದ್ರೂ ನಿನ್ನ ಸೊಂಟ ಮಾತ್ರ ಕರಗ್ಲಿಲ್ಲ ಕಣವ್ವ" ಎನ್ನುತ್ತಿದ್ದ. ಮಾರಕ್ಕ ಒಲೆ ಊದುವ ಕೊಳವೆ ಎತ್ತಿ, "ನಿನ್ನ ಹೆತ್ತ ಸೊಂಟ ಕಣಲೇ ಅದು, ನಿಮ್ಮ ಪುಡಿಗೆಲ್ಲ ಕರಗಾಕಿಲ್ಲ" ಎಂದು ಬೆನ್ನಿಗೊಂದು ಕೊಡುತ್ತಿದ್ದಳು. ನನ್ನ ಮನೆ ಅವರ ಗೋಡೆಗೆ ಅಂಟಿಕೊಂಡೇ ಇರುವುದರಿಂದ ಈ ಜಗಳ ನನಗೆ ಬುಧವಾರದ ಸಂಜೆಯ ರೇಡಿಯೋ ಇದ್ದ ಹಾಗಿತ್ತು.

ಸಭೆಯ ಮಾತಿಗೆ ಬರುತ್ತೇನೆ. ಭಾನುವಾರ ಕೊಳದಲ್ಲಿ ಈಜು ಪಂದ್ಯ ಇತ್ತು. ಜಿಲ್ಲೆಯ ದೊಡ್ಡವರೆಲ್ಲ ಬರುವವರಿದ್ದರು. ಆ ಗಡಿಬಿಡಿಯಲ್ಲೇ ಓಬಳೇಶ ಒಳಗಿರುವಾಗಲೇ ಡ್ರಮ್ಮು ಬಗ್ಗಿದ್ದು. ಈಗ ಅವನ ಅಚ್ಚು ಕೊಳದ ಆಳದ ಕಡೆಯಲ್ಲಿ ನಿಂತುಬಿಟ್ಟಿತ್ತು. ಆ ಡ್ರಮ್ಮಿನಲ್ಲಿದ್ದ ಹಳೆಯ ಸರಕಿಗೆ ಅವನ ಉಸಿರು ನಿಲ್ಲಿಸುವಷ್ಟು ಘಾಟಿತ್ತೇ ಹೊರತು ಅಚ್ಚು ಕರಗಿಸುವ ಸತ್ವ ಇರಲಿಲ್ಲ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಆಗಬಾರದ್ದು ಆಗಿಹೋಗಿದೆ. ಈಗ ಮುಂದಿನದು ನೋಡೋಣ. ಆಳದ ಕಡೆ ಒಂದು ಕಲೆ ಉಳಿದಿದೆಯಂತೆ. ಪದ್ಮಾವತಿ ಮೇಡಂ, ನೀವು ವಿಜ್ಞಾನ ಕಲಿಸಿದವರು, ಯಾವ ಕ್ಲೋರಿನ್ ಒಳ್ಳೇದು ಅಂತ ಸ್ವಲ್ಪ ತಿಳಿಸಿಕೊಡಿ" ಎಂದರು.

ಕಲೆ! ಇಪ್ಪತ್ತು ದಾಟಿದ ಗಂಡಸು, ಮೀಸೆ ತೀಡಿಕೊಂಡು ಸೈಕಲ್ಲಿನಲ್ಲಿ ಓಡಾಡುತ್ತಿದ್ದವನು, ಇವರ ಬಾಯಲ್ಲಿ ಕಲೆಯಾದ. ಷರ್ಟಿಗೆ ಚೆಲ್ಲಿದ ಸಾರಿನ ಹಾಗೆ.

ಪದ್ಮಾವತಿ ಮೇಡಂ ಹೈಸ್ಕೂಲಿನಿಂದ ನಿವೃತ್ತರಾದವರು. ಕನ್ನಡಕ ಏರಿಸಿಕೊಂಡು ತರಗತಿಯಲ್ಲಿ ಹೇಳುವಂತೆಯೇ ಹೇಳಿದರು. "ಮೂರು ಬಗೆ ಇದೆ. ಪುಡಿ, ಮಾತ್ರೆ, ದ್ರವ. ಪುಡಿ ಅಗ್ಗ, ಗಡುಸು. ಆದರೆ ಹಾಗೇ ಸುರಿಯೋ ಹಾಗಿಲ್ಲ. ಬಕೆಟ್ಟಿನಲ್ಲಿ ಕಲಸಿ, ತಿಳಿ ಬಿಟ್ಟ ಮೇಲೆ ಮೇಲಿನ ನೀರು ಮಾತ್ರ ಹಾಕಬೇಕು. ಮಾತ್ರೆ ನಿಧಾನವಾಗಿ ಕರಗುತ್ತೆ, ಬಿಸಿಲಿಗೆ ಹಾರಿಹೋಗಲ್ಲ, ದಿನಾ ಬಳಸೋ ಕೊಳಕ್ಕೆ ಅದೇ ವಾಸಿ. ದ್ರವ ಬೇಗ ಕೆಲಸ ಮಾಡುತ್ತೆ, ಆದರೆ ಹಳೇದಾದರೆ ಸತ್ವ ಹೋಗಿರುತ್ತೆ. ಒಂದು ಬಗೆಗೆ ಇನ್ನೊಂದನ್ನ ಯಾವತ್ತೂ ಬೆರೆಸಬಾರದು. ಮತ್ತೆ, ಜನ ಒಳಗಿದ್ದಾಗ ಯಾವುದನ್ನೂ ಹಾಕಬಾರದು."

ಕಡೆಯ ಮಾತು ಮೇಡಂ ಬಾಯಿಂದ ಜಾರಿಬಿಟ್ಟಿತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕಾರ್ಯದರ್ಶಿ ಶ್ರೀಕಂಠ ಬಿಸ್ಕತ್ತಿನ ತಟ್ಟೆಯನ್ನು ಮೇಜಿನ ನಡುವಿನಿಂದ ತುದಿಗೂ, ತುದಿಯಿಂದ ನಡುವಿಗೂ ಸರಿಸಿದ. "ಹಾಗಂತ ಪುಸ್ತಕದಲ್ಲಿದೆ" ಎಂದು ಮೇಡಂ ಮೆಲ್ಲಗೆ ಸೇರಿಸಿದರು, ತಪ್ಪು ಪುಸ್ತಕದ್ದೇ ಎಂಬಂತೆ.

"ಮಾತ್ರೆ ಆಗಲ್ಲ ಸಾರ್" ಎಂದ ಶ್ರೀಕಂಠ. "ಭಾನುವಾರದೊಳಗೆ ಹೋಗಬೇಕಲ್ಲ ಅದು. ಪುಡಿ ಗೋಡೌನಲ್ಲೇ ಇದೆ, ನಾಳೆ ಬೆಳಗ್ಗೆನೇ ಹೊಡೆಸಿಬಿಡ್ತೀನಿ."

"ಟೈಲ್ಸು?" ಎಂದರು ಅಧ್ಯಕ್ಷರು, ನಿಜವಾದ ಕಳವಳದಿಂದ. "ಹೊಸ ಟೈಲ್ಸು ಅದು. ನೀಲಿ ಬಣ್ಣ ಹೋಗಿಬಿಟ್ಟರೆ?"

ಆ ಕ್ಷಣ ಅವರ ದನಿಯಲ್ಲಿ ಎಂಥ ಅಕ್ಕರೆ ಇತ್ತು! ಟೈಲ್ಸಿನ ಮೈ ಸುಟ್ಟೀತು ಎಂದು ಮರುಗುವವರ ಬಾಯಲ್ಲಿ ಮನುಷ್ಯನ ಹೆಸರು ಒಂದೇ ಒಂದು ಸಲ ಬರಲಿಲ್ಲ.

"ಅಧ್ಯಕ್ಷರೇ, ಮಾರಕ್ಕ ಇನ್ನೂ ಮಗನ ಅಚ್ಚು ನೋಡಿಲ್ಲ" ಎಂದೆ. "ಬೀಳ್ಕೊಡೋದು ಬೇಡ್ವಾ?"

ಅವರು ನನ್ನ ಕಡೆ ತುಂಬ ತಾಳ್ಮೆಯಿಂದ ನೋಡಿದರು. "ಹನುಮಕ್ಕ, ನಿಮ್ಮ ಭಾವನೆ ಅರ್ಥ ಆಗುತ್ತೆ. ಆದರೆ ಇದು ಆರೋಗ್ಯದ ವಿಷಯ."

"ನಿಮ್ಮ ತಾಯಿ ಹೋದಾಗ ಕಲ್ಯಾಣಿ ನೀರು ಒಂದು ಹನಿ ಅಲ್ಲಾಡಲಿಲ್ಲ. ಆಗ ಆರೋಗ್ಯ ಎಲ್ಲಿತ್ತು?"

"ಅದು ಕಲ್ಯಾಣಿ. ಇದು ಸಾರ್ವಜನಿಕ ಈಜುಕೊಳ."

"ಕಲ್ಯಾಣಿ ಏನು ನಿಮ್ಮ ಮನೆಯ ಹಂಡೆನಾ?"

ಶ್ರೀಕಂಠ ನಕ್ಕ. "ಏನ್ ಹನುಮಕ್ಕಾ, ಹೊಲಿಗೆ ಮಿಷನ್ನು ಥರ ಒಂದೇ ಕಡೆ ಚುಚ್ತಾ ಇದ್ದೀಯ. ದಾರ ಹರಿದೀತು ನೋಡ್ಕೋ."

ಪುಡಿಯೇ ಆಗಲಿ ಎಂದು ಎಲ್ಲರೂ ಕೈ ಎತ್ತಿದರು. ಪದ್ಮಾವತಿ ಮೇಡಂ ಕೈ ಅರ್ಧಕ್ಕೆ ಬಂದು ಕನ್ನಡಕ ಸರಿಮಾಡಿತು. ಅದನ್ನೂ ಎತ್ತಿದ್ದು ಎಂದೇ ಲೆಕ್ಕಕ್ಕೆ ಹಿಡಿದರು. ನಾನು ನನ್ನ ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದೆ. "ಬಹುಮತ" ಎಂದು ಅಧ್ಯಕ್ಷರು ಎದ್ದರು.

ಸಮಿತಿಯವಳಾದ್ದರಿಂದ ನನ್ನನ್ನು ಗೇಟಿನಲ್ಲಿ ಯಾರೂ ತಡೆಯುವುದಿಲ್ಲ. ಸಭೆ ಮುಗಿದ ಮೇಲೆ ನೇರ ಕೊಳದ ಆಳದ ಕಡೆಗೆ ಹೋಗಿ ಕುಕ್ಕುರುಗಾಲಲ್ಲಿ ಕೂತೆ. ಬಿಸಿಲು ನೀರ ಮೇಲೆ ಕುಣಿಯುತ್ತಿತ್ತು. ಮೊದಲು ಏನೂ ಕಾಣಲಿಲ್ಲ. ಒಂದು ಮೋಡ ಅಡ್ಡ ಬಂದಾಗ ಅವನು ಕಂಡ. ಮುಖ ಮೇಲೆತ್ತಿದ್ದ. ಬಲಗೈಯಲ್ಲಿದ್ದ ಉಜ್ಜುವ ಬ್ರಷ್ಷನ್ನು ಇನ್ನೂ ಬಿಟ್ಟಿರಲಿಲ್ಲ. ಎಡಗೈ ಎತ್ತಿದ್ದ.

ಅಲ್ಲಿಂದ ನಮ್ಮ ಕೇರಿಯವರು ಸುಣ್ಣ ಸುಡುವ ಗೂಡಿಗೆ ಹೋದೆ. ಮಾರಕ್ಕ ಆರಿದ ಗೂಡಿನ ಮುಂದೆ ಕಾಲು ಚಾಚಿ ಕೂತಿದ್ದಳು. ಅವಳು ಅತ್ತಿರಲಿಲ್ಲ. ಅತ್ತರೆ ಮುಗಿಯಿತು ಅಂದುಬಿಡುತ್ತಾರೆ ಎಂದು ಬಿಗಿ ಹಿಡಿದವಳಂತೆ ಕಾಣುತ್ತಿದ್ದಳು. ನಮ್ಮ ಕೇರಿಯಲ್ಲಿ ಅವಳಷ್ಟು ಚೆನ್ನಾಗಿ ಈಜುವವರಿಲ್ಲ. ಗಣಿಯ ಹೊಂಡದಲ್ಲಿ ಮಗನಿಗೆ ಈಜು ಕಲಿಸಿದವಳೂ ಅವಳೇ. ಅಂಥವಳ ಮಗ ನೀರಲ್ಲಿ ಬಿದ್ದು ಸತ್ತ ಎಂದು ಬಂದು ಹೇಳುವುದಕ್ಕೆ ಎಂಥ ಎದೆ ಬೇಕು!

"ನೋಡಿದ್ಯಾ?" ಎಂದಳು.

"ನೋಡ್ದೆ."

"ಹೆಂಗವ್ನೆ?"

"ಕೈ ಎತ್ತವ್ನೆ ಕಣಕ್ಕ."

"ಯಾವ ಕೈ?"

"ಎಡಗೈ."

ಮಾರಕ್ಕ ತನ್ನ ಎಡಗೈಯನ್ನು ಮುಖದ ಮುಂದೆ ಹಿಡಿದು, ಅಂಗೈ ಆಚೆಗೆ ತಿರುಗಿಸಿ, "ಹಿಂಗಾ?" ಎಂದಳು. ಹೌದೆಂದೆ.

"ಉಣ್ಣಾಕೆ ಕೂತಾಗ ಹಿಂಗೇ ಎತ್ತೋನು. ಬಲಗೈ ಎಂಜಲಲ್ವಾ. ಇನ್ನೊಂದು ತುಂಡು ಮುದ್ದೆ ಇಕ್ಕಾಕೆ ಹೋದ್ರೆ ಎಡಗೈ ಅಡ್ಡ ಹಿಡಿಯೋನು. ಬ್ಯಾಡ ಕಣವ್ವ, ಸಾಕು ಅಂತ." ಅವಳು ಕೈ ಇಳಿಸಲಿಲ್ಲ. "ಯಾರಿಗೋ ಬ್ಯಾಡ ಅಂದವ್ನೆ ಹನುಮಿ. ಕುಡ್ದು ಬಿದ್ದೋನು ಯಾರಿಗೆ ಬ್ಯಾಡ ಅಂತಾನೆ?"

ಆಗಲೇ ಎದ್ದು ಸೀರೆ ಕೊಡವಿಕೊಂಡು ಕೊಳಕ್ಕೆ ಹೊರಟಳು. ನಾನೂ ಹಿಂದೆ ಹೋದೆ. ಗೇಟಿನಲ್ಲಿ ಕಾವಲುಗಾರ ಸ್ಟೂಲಿನಿಂದ ಎದ್ದು ನಿಂತು ಅಡ್ಡವಾದ. "ರಿಪೇರಿ ಐತೆ ಮಾರಕ್ಕ. ಯಾರ್ನೂ ಬಿಡಬಾರ್ದು ಅಂದವ್ರೆ. ಭಾನುವಾರ ಆದ್ಮೇಲೆ ಬಾ."

"ಭಾನುವಾರ ಆದ್ಮೇಲೆ ಏನ್ ಇರ್ತೈತಪ್ಪ ಅಲ್ಲಿ?"

ಅವನು ಕೆಳಗೆ ನೋಡಿದ. "ನನ್ನ ಕೇಳಬ್ಯಾಡ. ನಾನು ಗೇಟು ಅಷ್ಟೇಯ."

"ನೀನು ಗೇಟು" ಎಂದು ಮಾರಕ್ಕ ತಲೆಯಾಡಿಸಿದಳು. "ಅವ್ರು ಡ್ರಮ್ಮು. ಸಾಯೋನು ಮಾತ್ರ ಮನುಷ್ಯ."

ಮರುದಿನ ಪುಡಿ ಹಾಕಲು ಕೇರಿಯಿಂದ ಒಬ್ಬನೂ ಹೋಗಲಿಲ್ಲ. ಶ್ರೀಕಂಠ ಮನೆಮನೆಯ ಬಾಗಿಲಲ್ಲಿ ಮೋಟರ್ ಸೈಕಲ್ ನಿಲ್ಲಿಸಿ ಹಾರ್ನ್ ಹೊಡೆದ. ಒಬ್ಬನಿಗೆ ಬೆನ್ನುನೋವು, ಒಬ್ಬ ಊರಲ್ಲಿಲ್ಲ, ಇನ್ನೊಬ್ಬ ಬಾಗಿಲ ಹಿಂದಿನಿಂದಲೇ "ನಾನಿಲ್ಲ" ಎಂದು ಕೂಗಿದ. ಕೊನೆಗೆ ಅವನು ಹೆದ್ದಾರಿ ಕೆಲಸಕ್ಕೆ ಬಂದಿದ್ದ ಪರವೂರಿನ ಇಬ್ಬರನ್ನು ಹಿಡಿದುಕೊಂಡು ಹೋದ. ಅವರಿಗೆ ನಮ್ಮ ನೀರಿನ ಸಂಗತಿ ಗೊತ್ತಿರಲಿಲ್ಲ. ಬಕೆಟ್ಟು, ಕಲಸುವುದು, ತಿಳಿ ಬಿಡುವುದು ಯಾವುದನ್ನೂ ಅವರಿಗೆ ಯಾರೂ ಹೇಳಲಿಲ್ಲ. ಮೇಡಂ ಹೇಳಿದ್ದನ್ನು ಸಭೆಯಲ್ಲಿ ಎಲ್ಲರೂ ತಲೆಯಾಡಿಸಿ ಕೇಳಿದ್ದರಲ್ಲ, ಕೇಳಿದ್ದಷ್ಟೇ. ಆ ಇಬ್ಬರು ಮೂಟೆಯ ಬಾಯಿ ಬಿಚ್ಚಿ, ಗೋಧಿ ಸುರಿಯುವಂತೆ ಒಣ ಪುಡಿಯನ್ನು ಆಳದ ಕಡೆ ಸುರಿದುಬಿಟ್ಟರು.

ಪುಡಿ ಕರಗಲಿಲ್ಲ. ನಿಧಾನವಾಗಿ ಇಳಿಯಿತು. ಇಳಿಯುತ್ತ ಇಳಿಯುತ್ತ ಅಚ್ಚಿನ ಮೇಲೆ ಕೂತಿತು. ತಲೆಗೂದಲ ಮೇಲೆ, ಭುಜದ ಮೇಲೆ, ಹುಬ್ಬಿನ ಮೇಲೆ, ಎತ್ತಿದ ಕೈಯ ಒಂದೊಂದು ಬೆರಳ ಮೇಲೆ. ಕಣ್ಣು ಕಿರಿದು ಮಾಡಿ ಹುಡುಕಬೇಕಾಗಿದ್ದವನು, ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ, ನೀಲಿ ಟೈಲ್ಸಿನ ಎದುರು ಎದ್ದು ನಿಂತ. ಅಳಿಸಲು ತಂದ ಪುಡಿಯೇ ಅವನನ್ನು ಇಡೀ ಊರಿಗೆ ತೋರಿಸಿತು. ಪರವೂರಿನ ಇಬ್ಬರು ಖಾಲಿ ಮೂಟೆಗಳನ್ನು ಅಲ್ಲೇ ಬಿಸುಟು, "ಒಳಗೆ ಮನುಷ್ಯ ಇದ್ದಾನೆ!" ಎಂದು ಕಿರುಚಿಕೊಂಡು ಗೇಟು ದಾಟಿ ಓಡಿದರು. ನಮ್ಮೂರಿಗೆ ಹೊಸಬರಾದ ಆ ಇಬ್ಬರಿಗೆ ಕಂಡದ್ದು ಮನುಷ್ಯ. ಸಮಿತಿಗೆ ಕಂಡದ್ದು ಕಲೆ.

ಆ ಕಿರುಚಾಟಕ್ಕೆ ಪೇಟೆಯೇ ನೆರೆಯಿತು. ಕಾವಲುಗಾರನೂ ಸ್ಟೂಲು ಬಿಟ್ಟು ಬಂದು ನೋಡುತ್ತ ನಿಂತ. ಗೇಟು ಹಾರುಹೊಡೆದುಕೊಂಡಿತ್ತು. ಕೊಳದ ಸುತ್ತ ಎರಡು ಸಾಲು ಜನ. ಓಬಳೇಶ ಕತ್ತೆತ್ತಿ ಆಳದ ಕಡೆಯ ಕಟ್ಟೆಯನ್ನೇ ನೋಡುತ್ತಿದ್ದ. ಡ್ರಮ್ಮುಗಳನ್ನು ಇಡುವ ಕಟ್ಟೆ ಅದು. ಅಂಗೈ ನೇರ ಅದರ ಕಡೆಗೇ ತಿರುಗಿತ್ತು.

"ಈಜ್ತಾ ಇದ್ದಾನೆ ಅಷ್ಟೇ ಕಣ್ರೀ, ಕೈ ಬೀಸೋವಾಗ ಹಾಗೇ ಆಗುತ್ತೆ" ಎಂದರು ಒಬ್ಬರು.

"ಟಾಟಾ ಮಾಡ್ತಾ ಇರಬೇಕು" ಎಂದ ಇನ್ನೊಬ್ಬ. ಪಕ್ಕದಲ್ಲಿದ್ದವರು ನಕ್ಕರು, ಆದರೆ ನಗು ಬೇಗ ನಿಂತುಹೋಯಿತು.

"ಬ್ರಷ್ಷು ಹಿಡ್ಕೊಂಡು ಯಾವನ್ರಿ ಈಜ್ತಾನೆ?" ಎಂದು ಹಿಂದಿನಿಂದ ಒಂದು ಹೆಂಗಸಿನ ದನಿ ಕೇಳಿತು. ಮೇಲ್ಪೇಟೆಯವಳೇ. ಅವಳ ಗಂಡ ಮೊಣಕೈಯಲ್ಲಿ ತಿವಿದು ಸುಮ್ಮನಾಗಿಸಿದ.

ಸಮಿತಿಯವರು ನೆರಳಿನಲ್ಲಿ ಗುಂಪಾಗಿ ನಿಂತಿದ್ದರು. ಅಧ್ಯಕ್ಷರ ಬಿಳಿ ಪಂಚೆ ಬೆವರಿಗೆ ಅಂಟಿತ್ತು. "ಯಾರ್ರೀ ಪುಡಿ ಅಂದಿದ್ದು?" ಎಂದು ಗದರಿದರು. ಅಂದದ್ದು ಬಹುಮತ ಎಂದು ಯಾರೂ ನೆನಪಿಸಲಿಲ್ಲ. "ದ್ರವ. ತಾಜಾ ದ್ರವ. ಟ್ಯಾಂಕರ್ ಎಲ್ಲಿದೆ?" ಶ್ರೀಕಂಠ ಮೊದಲೇ ಫೋನು ಮಾಡಿಯಾಗಿತ್ತು. ಟ್ಯಾಂಕರು ಹಿಂದಿನ ಗೇಟಿನಿಂದ ಹಿಮ್ಮುಖವಾಗಿ ಒಳಗೆ ಬರುತ್ತಿತ್ತು. ಅದೇ ಗೇಟು.

"ಮೇಡಂ, ಪುಡಿ ಇರೋ ನೀರಿಗೆ ದ್ರವ ಹಾಕಬಹುದಾ?" ಎಂದು ನಾನು ಪದ್ಮಾವತಿ ಮೇಡಂ ಅವರನ್ನು ಜೋರಾಗಿಯೇ ಕೇಳಿದೆ. "ಒಂದಕ್ಕೆ ಇನ್ನೊಂದು ಬೆರೆಸಬಾರದು ಅಂದಿರಲ್ಲ."

ಅವರು ನೀರನ್ನೇ ನೋಡುತ್ತಿದ್ದರು. "ಬೆರೆಸಬಾರದು" ಎಂದರು. ಆಮೇಲೆ ಅಧ್ಯಕ್ಷರ ಕಡೆ ತಿರುಗಿ, ಮೊದಲಿಗಿಂತ ಗಟ್ಟಿಯಾಗಿ, "ಬೆರೆಸಬಾರದು ಸಾರ್" ಎಂದರು. "ಆಮೇಲೆ ನೋಡೋಣ ಮೇಡಂ" ಎಂದು ಅಧ್ಯಕ್ಷರು ಕೈ ಬೀಸಿ ಅವರನ್ನು ಪಕ್ಕಕ್ಕೆ ಸರಿಸಿದರು.

ಆಗ ಮಾರಕ್ಕ ಬಂದಳು. ಜನ ತಾವಾಗಿ ದಾರಿ ಬಿಟ್ಟರು. ಗೌರವದಿಂದಲೋ, ಮೈ ತಾಗೀತು ಎಂದೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳು ಅಂಚಿಗೆ ಬಂದು ನಿಂತು ಮಗನನ್ನು ನೋಡಿದಳು. ಅವನು ಎತ್ತ ನೋಡುತ್ತಿದ್ದಾನೋ ಆ ದಿಕ್ಕಿಗೆ ತಾನೂ ಕತ್ತೆತ್ತಿದಳು. ಕಟ್ಟೆಯ ಮೇಲೆ ಶ್ರೀಕಂಠ ಟ್ಯಾಂಕರಿನ ಪೈಪು ಎಳೆದುಕೊಳ್ಳುತ್ತ ನಿಂತಿದ್ದ. ಓಬಳೇಶನ ಅಂಗೈ ಸರಿಯಾಗಿ ಅವನ ಎದೆಗೆ ನೇರವಾಗಿತ್ತು.

ಎರಡು ಸಾಲು ಜನ ಆ ಕೈಯನ್ನು ನೋಡಿ, ಕೈ ಹೋದ ದಾರಿಯಲ್ಲೇ ಶ್ರೀಕಂಠನನ್ನು ನೋಡಿದರು. ಅವನು ಎಡಕ್ಕೆ ಒಂದು ಹೆಜ್ಜೆ ಸರಿದ. ಯಾಕೆ ಸರಿಯಬೇಕಾಗಿತ್ತು? ಯಾರೂ ಏನೂ ಹೇಳಿರಲಿಲ್ಲ. ಸರಿದದ್ದು ತಪ್ಪಾಯಿತು ಎಂದು ಅವನಿಗೂ ಹೊಳೆದಿರಬೇಕು, ತಿರುಗಿ ಮೊದಲಿದ್ದ ಜಾಗಕ್ಕೇ ಬಂದು ನಿಂತ. ಅದು ಇನ್ನೂ ಕೆಟ್ಟದಾಯಿತು.

"ನಿನಗಾ ಕಣಪ್ಪ ಬ್ಯಾಡ ಅಂದಿದ್ದು?" ಎಂದಳು ಮಾರಕ್ಕ. ಕೂಗಲಿಲ್ಲ. ಪಕ್ಕದ ಮನೆಯವನನ್ನು ಏನೋ ವಿಚಾರಿಸುವ ದನಿ.

"ಏಯ್, ಹುಚ್ಚು ಮುದುಕಿ, ಸರಿ ಆಚೆಗೆ! ಇದು ಕೆಮಿಕಲ್ಲು, ಮೈ ಸುಟ್ಟುಹೋಗುತ್ತೆ!"

"ನನ್ನ ಮಗನಿಗೆ ಈ ಮಾತು ಹೇಳಿದ್ಯಾ?"

ಹಾಗೆಂದವಳು ಸೆರಗನ್ನು ಸೊಂಟಕ್ಕೆ ಬಿಗಿದು, ಏಣಿಯ ಮೆಟ್ಟಿಲು ಹಿಡಿದು ನೀರಿಗೆ ಇಳಿದಳು. ಆಳದ ಕಡೆ ಅವಳ ಕಾಲಿಗೆ ನೆಲ ಸಿಗುವುದಿಲ್ಲ. ಆದರೆ ಗೋಡೆಯ ಉದ್ದಕ್ಕೂ ಈಜಿದವರು ದಣಿವಾರಿಸಿಕೊಳ್ಳಲು ಒಂದು ಕಲ್ಲಿನ ಚಾಚು ಇದೆ. ಅವಳು ಈಜಿಕೊಂಡು ಹೋಗಿ ಅದರ ಮೇಲೆ ಕಾಲೂರಿ ನಿಂತಳು. ಎದೆಯವರೆಗೆ ನೀರು. ಕೈ ಚಾಚಿದರೆ ಮಗನ ತಲೆ. ಅವಳು ಮುಟ್ಟಲಿಲ್ಲ, ಮುಟ್ಟಿದರೆ ಪುಡಿ ಉದುರೀತು ಎಂದು. ಆ ಅಂಗೈಗೆ ಎದುರಾಗಿ ತನ್ನ ಅಂಗೈ ಹಿಡಿದುಕೊಂಡು ನಿಂತಳು, ಅಷ್ಟೇ.

ನೀರಿಗೆ ಯಾರಾದರೂ ಇಳಿದಿರುವಾಗ ಕ್ಲೋರಿನ್ ಹಾಕಬಾರದು ಎಂದು ಕಟ್ಟೆಯ ಗೋಡೆಯ ಮೇಲೆ ಮೊಳದುದ್ದದ ಕೆಂಪು ಅಕ್ಷರದಲ್ಲಿ ಬರೆದಿದೆ. ಬಣ್ಣ ಮಾಸಿದಾಗಲೆಲ್ಲ ಅದನ್ನು ತಿದ್ದುತ್ತಿದ್ದವನು ಓಬಳೇಶ. ಅವನ ಪಾಲಿಗೆ ಆ ಬರಹ ಸುಳ್ಳಾಯಿತು. ಈಗ ಇಡೀ ಊರಿನ ಮುಂದೆ ಅದನ್ನು ಸುಳ್ಳು ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ಟ್ಯಾಂಕರಿನ ಡ್ರೈವರು ಗಾಡಿಯಿಂದ ಇಳಿದು, ಗೋಡೆ ನೋಡಿ, ನೀರು ನೋಡಿ, ಎಂಜಿನ್ ಆಫ್ ಮಾಡಿದ. "ಜನ ಇದ್ದಾರೆ ಸಾರ್, ನಾನು ಬಿಡಲ್ಲ" ಎಂದ.

"ಹತ್ತು ನಿಮಿಷ. ಮೇಲೆ ಎಬ್ಬಿಸ್ತೀವಿ" ಎಂದರು ಅಧ್ಯಕ್ಷರು. ಅಂಚಿಗೆ ಬಂದು ಬಗ್ಗಿ, ಸಭೆಯ ದನಿಯಲ್ಲೇ, "ಮಾರಕ್ಕ, ಎದ್ದು ಬಾ ತಾಯಿ. ಕೂತು ಮಾತಾಡೋಣ. ನಿನಗೆ ಏನು ಬೇಕೋ ಹೇಳು" ಎಂದರು.

"ನಿಮ್ಮವ್ವಂಗೆ ಏನ್ ಕೊಟ್ರೋ ಅದು" ಎಂದಳು ಮಾರಕ್ಕ. "ಅಲ್ಲಾಡದ ನೀರು."

ಅಧ್ಯಕ್ಷರು ನೆಟ್ಟಗಾಗಿ ಸುತ್ತ ನೋಡಿದರು. ಅವರ ಕಣ್ಣು ನನ್ನ ಮೇಲೆ ಬಿತ್ತು. ಬಾಗಿಲ ಪಕ್ಕದ ಕುರ್ಚಿ ಇರುವುದು ಯಾಕೆ ಎಂದು ನನಗೆ ಅವತ್ತು ಸರಿಯಾಗಿ ತಿಳಿಯಿತು.

"ಹನುಮಕ್ಕ, ನೀವು ಸಮಿತಿ ಸದಸ್ಯರು. ಜವಾಬ್ದಾರಿ ಇದೆ. ನಿಮ್ಮವರು ನಿಮ್ಮ ಮಾತು ಕೇಳ್ತಾರೆ. ಇಳಿದು ಹೋಗಿ, ಮೇಲೆ ಬಾ ಅಂತ ಹೇಳಿ. ಪುಡಿ ಇರೋ ನೀರು, ಅವಳ ಒಳ್ಳೇದಕ್ಕೇ ಹೇಳ್ತಿರೋದು."

ಅವಳ ಒಳ್ಳೆಯದು! ನೀರು ಅವಳ ಕಣ್ಣು ಸುಡುತ್ತಿರುವುದು ನಿಜ, ಇಲ್ಲಿಂದಲೇ ಕೆಂಪಗೆ ಕಾಣುತ್ತಿತ್ತು. ಆದರೆ ಆ ಕಣ್ಣಿನ ಚಿಂತೆ ಇದ್ದವರು ಅದರ ಮುಂದೆ ಮಗನ ಹೆಣ ಇಳಿಸಿ ಕುಡುಕ ಎಂದು ಹೇಳುತ್ತಿರಲಿಲ್ಲ. ಮಂಗಳವಾರ ನಾವು ಮಿಂದ ನೀರಿಗೆ ಬುಧವಾರ ಪುಡಿ ಹಾಕಿದಾಗಲೇ ಇವರು ನಮ್ಮನ್ನು ಕರಗಿಸುವುದನ್ನು ಅಭ್ಯಾಸ ಮಾಡುತ್ತಿದ್ದರು. ನಾವು ಅದನ್ನು ಸೊಂಟದ ಮಾತಿನ ತಮಾಷೆ ಮಾಡಿಕೊಂಡು ನಕ್ಕಿದ್ದೆವು.

ಚಪ್ಪಲಿ ಬಿಟ್ಟೆ. ಏಣಿ ಹಿಡಿದು ಇಳಿದೆ. ನನಗೆ ಈಜು ಅಷ್ಟು ಬರುವುದಿಲ್ಲ, ಗೋಡೆ ಹಿಡಿದುಕೊಂಡು ಚಾಚಿನ ಮೇಲೆ ಒಂದೊಂದೇ ಹೆಜ್ಜೆ ಇಟ್ಟೆ. ನೀರು ಚುರುಗುಟ್ಟುತ್ತಿತ್ತು. ಹೊಲಿಗೆಯ ಸೂಜಿ ಚುಚ್ಚಿದ್ದ ಬೆರಳಿನ ಗಾಯಗಳೆಲ್ಲ ಒಟ್ಟಿಗೆ ಉರಿಯತೊಡಗಿದವು. ಮಾರಕ್ಕ ನನ್ನನ್ನು ನೋಡಿ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು, ಬಸ್ಸಿನ ಸೀಟಿನಲ್ಲಿ ಬಿಡುವ ಹಾಗೆ. ನಮ್ಮಿಬ್ಬರ ಮುಂದೆ ಓಬಳೇಶ ಬೆಳ್ಳಗೆ ನಿಂತಿದ್ದ. ಮೀಸೆಯ ಮೇಲೂ ಪುಡಿ ಕೂತಿತ್ತು.

"ಏನ್ ಹೇಳಿ ಕಳಿಸಿದ್ರು ನಿನಗೆ?" ಎಂದಳು.

"ಮೇಲೆ ಬಾ ಅನ್ನು ಅಂದ್ರು."

"ಸರಿ. ಅನ್ನು ಮತ್ತೆ."

ಮೇಲಿನಿಂದ ಅಧ್ಯಕ್ಷರು, "ಹೇಳಿ ಹನುಮಕ್ಕ, ಎಲ್ಲರಿಗೂ ಕೇಳೋ ಹಾಗೆ ಜೋರಾಗಿ ಹೇಳಿ!" ಎಂದು ಕೂಗಿದರು. ಶ್ರೀಕಂಠ ಪೈಪಿನ ಬಾಯಿ ಹಿಡಿದುಕೊಂಡು ಕಾಯುತ್ತಿದ್ದ.

ನಾನು ಅವರೆಲ್ಲರ ಕಡೆಗೆ ತಿರುಗಿದೆ. ಬಲಗೈ ಗೋಡೆ ಹಿಡಿದಿತ್ತು. ಎಡಗೈಯನ್ನು ನೀರಿನಿಂದ ಮೇಲೆತ್ತಿ, ಅಂಗೈಯನ್ನು ಅವರಿಗೆ ತೋರಿಸಿದೆ.

"ಹೇಳಲ್ಲ" ಎಂದೆ.